ನಾಡೀಶೋಧನ: ಹೊಳ್ಳೆ ಬದಲಾಯಿಸುವುದು ಯಾವಾಗ?

ನಾಡೀಶೋಧನ ಎಂದರೆ ಎರಡು ಹೊಳ್ಳೆಗಳಲ್ಲಿ ಸರದಿಯಂತೆ ಉಸಿರಾಡುವ ಪ್ರಾಣಾಯಾಮ. ನಾಡಿ ಎಂದರೆ ಇಲ್ಲಿ ಉಸಿರಿನ ಹಾದಿ. ಪೂರಕ ಎಂದರೆ ಉಸಿರು ತುಂಬಿಕೊಳ್ಳುವುದು, ಕುಂಭಕ ಹಿಡಿದಿಡುವುದು, ರೇಚಕ ಬಿಡುವುದು. ಎಡ ಹೊಳ್ಳೆ ಇಡಾ ಅಥವಾ ಚಂದ್ರನಾಡಿ. ಬಲ ಹೊಳ್ಳೆ ಪಿಂಗಳಾ ಅಥವಾ ಸೂರ್ಯನಾಡಿ. ಇಷ್ಟು ಗೊತ್ತಿದ್ದವರಿಗೆ ಈ ಟಿಪ್ಪಣಿ.

ಕೂರುವುದು ಪದ್ಮಾಸನವೇ ಆಗಬೇಕಿಲ್ಲ. ಸುಖಾಸನದಲ್ಲಿ ಮಂಡಿ ಸೊಂಟಕ್ಕಿಂತ ಮೇಲೆ ನಿಂತರೆ ಬೆನ್ನು ಗೂನಾಗಿ ಹೊಟ್ಟೆ ಒತ್ತುತ್ತದೆ. ಕುಂಡೆಯ ಕೆಳಗೆ ಮಡಿಸಿದ ಕಂಬಳಿ ಇಡಿ. ಬಲಗೈಯ ತೋರುಬೆರಳು, ಮಧ್ಯದ ಬೆರಳು ಅಂಗೈಗೆ ಮಡಚಿ. ಹೆಬ್ಬೆರಳು ಬಲ ಹೊಳ್ಳೆಗೆ, ಉಂಗುರ ಬೆರಳು ಎಡ ಹೊಳ್ಳೆಗೆ. ಒತ್ತಬೇಕಾದ್ದು ಮೂಗಿನ ತುದಿಯನ್ನಲ್ಲ. ಮೂಳೆ ಮುಗಿದು ಮೆತ್ತಗಾಗುವ ಜಾಗವನ್ನು. ತುದಿ ಹಿಂಡಿದರೆ ಮೂಗು ಓರೆಯಾಗಿ, ತೆರೆದ ಹೊಳ್ಳೆಯೂ ಅರ್ಧ ಮುಚ್ಚುತ್ತದೆ.

ಎಲ್ಲರೂ ಎಡವುವ ಜಾಗ

ಸರಿಯಾದ ಒಂದು ಸುತ್ತು: ಎಡದಿಂದ ಒಳಗೆ, ಬಲದಿಂದ ಹೊರಗೆ, ಬಲದಿಂದಲೇ ಒಳಗೆ, ಎಡದಿಂದ ಹೊರಗೆ. ಓದುವಾಗ ಸುಲಭ. ಕಣ್ಣು ಮುಚ್ಚಿ ಕೂತಾಗ ಮೂರನೇ ಹೆಜ್ಜೆ ತಪ್ಪುತ್ತದೆ. ಬಲದಿಂದ ಬಿಟ್ಟು ಮುಗಿಯುತ್ತಿದ್ದಂತೆ ಬೆರಳು ತಾನಾಗಿ ಬದಲಾಗಿಬಿಡುತ್ತದೆ. ಬರಿದಾದ ಎದೆಗೆ ಉಸಿರಿನ ಅವಸರ, ಅದರ ಜೊತೆ ಕೈಗೂ ಅವಸರ.

ಹಾಗೆ ಬದಲಾಯಿಸಿದರೆ ಏನಾಗುತ್ತದೆ ನೋಡಿ. ಎಡದಿಂದ ಒಳಗೆ, ಬಲದಿಂದ ಹೊರಗೆ, ಮತ್ತೆ ಎಡದಿಂದ ಒಳಗೆ, ಬಲದಿಂದ ಹೊರಗೆ. ಹತ್ತು ನಿಮಿಷ ಮಾಡಿದರೂ ಬಲ ಹೊಳ್ಳೆಯಿಂದ ಒಂದೇ ಒಂದು ಪೂರಕವಿಲ್ಲ. ಅದು ಚಂದ್ರಭೇದನ, ಬೇರೆಯೇ ಅಭ್ಯಾಸ. ಹಠಯೋಗದ ಲೆಕ್ಕದಲ್ಲಿ ಅದು ತಂಪು ಮಾಡುವಂಥದ್ದು. ಎರಡು ನಾಡಿಗಳ ಸಮತೋಲ ಅದರಿಂದ ಬರುವುದಿಲ್ಲ. ಇನ್ನು ಕೆಲವರು ತುಂಬಿದಾಗ ಬದಲಾಯಿಸದೆ ಬರಿದಾದಾಗ ಮಾತ್ರ ಬದಲಾಯಿಸುತ್ತಾರೆ. ಆಗ ಎಡದ ಉಸಿರು ಎಡದಲ್ಲೇ, ಬಲದ್ದು ಬಲದಲ್ಲೇ ಓಡಾಡುತ್ತದೆ, ದಾಟುವುದೇ ಇಲ್ಲ.

ಹಠಯೋಗದ ಹಳೆಯ ಗ್ರಂಥ ಹಠಯೋಗ ಪ್ರದೀಪಿಕೆಯ ಎರಡನೇ ಉಪದೇಶದಲ್ಲಿ, ಅಂದರೆ ಅಧ್ಯಾಯದಲ್ಲಿ, ಅದನ್ನು ಬರೆದ ಸ್ವಾತ್ಮಾರಾಮರು ಸರಿಯಾದ ಕ್ರಮವನ್ನು ನಾಲ್ಕೇ ಪದಗಳಲ್ಲಿ ಹೇಳಿದ್ದಾರೆ: ‘ಯೇನ ತ್ಯಜೇತ್ ತೇನ ಪೀತ್ವಾ’. ಯಾವುದರಿಂದ ಬಿಟ್ಟೆಯೋ ಅದರಿಂದಲೇ ಕುಡಿ.

ನೆನಪಿಗೆ ಬಿಂದಿಗೆ ಸಾಕು. ಕುಂಭಕ ಎಂಬ ಹೆಸರೇ ಕುಂಭದಿಂದ ಬಂದದ್ದು. ತುಂಬಿದ ಬಿಂದಿಗೆ ಹೊತ್ತವರು ಸೊಂಟ ಬದಲಾಯಿಸುತ್ತಾರೆ, ಖಾಲಿ ಬಿಂದಿಗೆಗೆ ಯಾರೂ ಬದಲಾಯಿಸುವುದಿಲ್ಲ. ತುಂಬಿದಾಗ ಬದಲು, ಬರಿದಾದಾಗ ಅಲ್ಲೇ. ಒಂದು ಸುತ್ತಿಗೆ ಬೆರಳು ಎರಡೇ ಸಲ ಬದಲಾಗಬೇಕು, ಎರಡೂ ಸಲ ಎದೆ ತುಂಬಿರಬೇಕು. ಇನ್ನೂ ಗೊಂದಲವಾದರೆ ಉಸಿರಿನ ಗೊಡವೆ ಬಿಟ್ಟು, ‘ಎಡ ಒಳಗೆ, ಬಲ ಹೊರಗೆ, ಬಲ ಒಳಗೆ, ಎಡ ಹೊರಗೆ’ ಎನ್ನುತ್ತಾ ಬರೀ ಬೆರಳನ್ನು ಇಪ್ಪತ್ತು ಸಲ ಆಡಿಸಿ. ಕೈಗೆ ರೂಢಿಯಾದ ಮೇಲೆ ಉಸಿರು ಸೇರಿಸಿ.

ಎಣಿಕೆ

ಮೊದಲ ವಾರಗಳಲ್ಲಿ ಕುಂಭಕ ಬೇಡ. 4 ಸೆಕೆಂಡು ಒಳಗೆ, 4 ಹೊರಗೆ. ಸಲೀಸಾದಾಗ ಹೊರಗೆ 6, ಆಮೇಲೆ 8. 4:8ರಲ್ಲಿ ಒಂದು ಸುತ್ತಿಗೆ 24 ಸೆಕೆಂಡು. ಹತ್ತು ಸುತ್ತು ಮುಗಿಯಲು 4 ನಿಮಿಷ. ಅಳತೆ ಹೆಚ್ಚಾಯಿತೆಂದು ತಿಳಿಯುವುದು ರೇಚಕದಲ್ಲಲ್ಲ, ಅದರ ಮುಂದಿನ ಪೂರಕದಲ್ಲಿ. ಉಸಿರು ಸದ್ದು ಮಾಡುತ್ತಾ ನುಗ್ಗಿದರೆ ರೇಚಕದಿಂದ ಎರಡು ಎಣಿಕೆ ಕಡಿಮೆ ಮಾಡಿ. ಹಠಯೋಗ ಗ್ರಂಥಗಳ 1:4:2 ಅನುಪಾತ, ಅಂದರೆ ಪೂರಕ 4, ಕುಂಭಕ 16, ರೇಚಕ 8, ಗದ್ದವನ್ನು ಎದೆಗೆ ಒತ್ತುವ ಜಾಲಂಧರ ಬಂಧದ ಜೊತೆ ಗುರುಗಳ ಎದುರೇ ಕಲಿಯಬೇಕಾದ್ದು. ರಕ್ತದೊತ್ತಡ, ಹೃದಯದ ತೊಂದರೆ ಇರುವವರಿಗೆ, ಗರ್ಭಿಣಿಯರಿಗೆ ಕುಂಭಕ ಬೇಡವೇ ಬೇಡ. ಸಿಂಹ, ಆನೆ, ಹುಲಿಗಳನ್ನು ಪಳಗಿಸುವಂತೆ ಮೆಲ್ಲಮೆಲ್ಲಗೆ ಎಂದು ಪ್ರದೀಪಿಕೆಯೂ ಹೇಳುತ್ತದೆ. ಅವಸರಪಟ್ಟರೆ ಬಿಕ್ಕಳಿಕೆ, ಕೆಮ್ಮು, ತಲೆನೋವು ಎಂದು ಪಟ್ಟಿಯನ್ನೇ ಕೊಡುತ್ತದೆ.

ನಮ್ಮ ಕಡೆಯ ಎರಡು ಅಡ್ಡಿ

ಚಿಕ್ಕಬಳ್ಳಾಪುರದ ಡಿಸೆಂಬರ್ ಚಳಿಗೆ ಬೆಳಿಗ್ಗೆ ಒಂದು ಹೊಳ್ಳೆ ಕಟ್ಟಿರುವುದು ಸಾಮಾನ್ಯ. ಬಲ ಕಟ್ಟಿದ್ದರೆ ಎಡ ಮಗ್ಗುಲಿಗೆ ಐದು ನಿಮಿಷ ಮಲಗಿ. ಮೇಲಿರುವ ಹೊಳ್ಳೆ ಸಡಿಲವಾಗುತ್ತದೆ. ಎರಡೂ ಕಟ್ಟಿದ್ದರೆ ಅಂದು ಬೇಡ, ಬಲವಂತ ಮಾಡಿದರೆ ಕಿವಿ ಗುಂಯ್‌ಗುಡುತ್ತದೆ. ಇನ್ನೊಂದು ಅವರೆಕಾಯಿ ಕಾಲದ್ದು. ರಾತ್ರಿ ತಡವಾಗಿ ಮುದ್ದೆ, ಹಿತಕಿದ ಬೇಳೆ ಸಾರು ಉಂಡರೆ ಬೆಳಿಗ್ಗೆಯೂ ಹೊಟ್ಟೆ ಉಬ್ಬಿರುತ್ತದೆ, ಎದೆ ಹೊಟ್ಟೆಗಳ ನಡುವಿನ ವಪೆ ಕೆಳಗಿಳಿಯದೆ ಪೂರಕ 4ಕ್ಕೂ ಮುಟ್ಟುವುದಿಲ್ಲ. ಆ ತಿಂಗಳುಗಳಲ್ಲಿ ರಾತ್ರಿಯೂಟ ಎಂಟರೊಳಗೆ ಮುಗಿಸಿ. ಸಂಜೆ ಅಭ್ಯಾಸ ಮಾಡುವವರು ಮಧ್ಯಾಹ್ನದ ಮುದ್ದೆಯ ಮೇಲೆ ನಾಲ್ಕು ಗಂಟೆ ಬಿಡಿ.