ತಳಿವಿಜ್ಞಾನಿಯ ಪ್ರಬಂಧಪಟ್ಟಿಯನ್ನು ಓದುವ ಬಗೆ

ಪಿಎಚ್.ಡಿ.ಗೆ ಗೈಡ್ ಹುಡುಕುವ ವಿದ್ಯಾರ್ಥಿಗಳು ಮೊದಲು ನೋಡುವುದು ಗೂಗಲ್ ಸ್ಕಾಲರ್ ಪುಟದಲ್ಲಿನ ಉಲ್ಲೇಖಗಳ ಅಂಕಿಗಳನ್ನು. ತಳಿವಿಜ್ಞಾನದ ಮಟ್ಟಿಗೆ ಅವುಗಳನ್ನು ಕೊನೆಗೆ ನೋಡುವುದೇ ವಾಸಿ. ಮೊದಲು ಪಟ್ಟಿ ಆ ವ್ಯಕ್ತಿಯದ್ದೇ ಹೌದೋ ಅಲ್ಲವೋ ಎಂಬುದು ಗೊತ್ತಾಗಬೇಕು.

ನಮ್ಮ ಕಡೆಯ ಹೆಸರುಗಳಿಗೆ ಈ ತೊಂದರೆ ಹೆಚ್ಚು. ಎಚ್.ಎನ್. ಮಂಜುನಾಥ ಎಂಬವರು ಜೀವವಿಜ್ಞಾನ, ವೈದ್ಯಕೀಯ ಪ್ರಬಂಧಗಳ ಸೂಚಿಯಾದ ಪಬ್‌ಮೆಡ್‌ನಲ್ಲಿ 'ಮಂಜುನಾಥ ಎಚ್ಎನ್' ಆಗಿರುತ್ತಾರೆ. ಇನಿಶಿಯಲ್ ಬಿಡಿಸಿ 'ಮಂಜುನಾಥ ಹಾಸನ ನಾರಾಯಣ' ಎಂದು ಬರೆದುಕೊಟ್ಟ ಪ್ರಬಂಧ 'ನಾರಾಯಣ ಎಂಎಚ್' ಹೆಸರಿಗೆ ಹೋಗುತ್ತದೆ. ಒಬ್ಬರೇ ಇಬ್ಬರಾಗುತ್ತಾರೆ, ಒಂದೇ ಇನಿಶಿಯಲ್ ಇರುವ ಹತ್ತು ಮಂಜುನಾಥರು ಒಬ್ಬರಾಗುವುದೂ ಉಂಟು. 2002ಕ್ಕಿಂತ ಹಿಂದಿನ ಪ್ರಬಂಧಗಳನ್ನು ಪಬ್‌ಮೆಡ್‌ನಲ್ಲಿ ಪೂರ್ಣ ಹೆಸರಿನಿಂದ ಹುಡುಕಿದರೆ ಸಾಮಾನ್ಯವಾಗಿ ಸಿಗುವುದಿಲ್ಲ. ಇದಕ್ಕೆ ಮದ್ದು 2012ರಲ್ಲಿ ಶುರುವಾದ ಆರ್ಕಿಡ್ ಎಂಬ 16 ಅಂಕಿಗಳ ಗುರುತುಸಂಖ್ಯೆ. ಅದು ಇಲ್ಲದವರ ಪಟ್ಟಿಯನ್ನು ಸಂಸ್ಥೆ, ಊರು, ಜೊತೆ ಲೇಖಕರು, ವಿಷಯ ಈ ನಾಲ್ಕನ್ನೂ ತಾಳೆ ನೋಡಿಯೇ ನಂಬಬೇಕು.

ಮುಂದಿನದು ಲೇಖಕರ ಸಾಲು. ಜೀವವಿಜ್ಞಾನದಲ್ಲಿ ಬೆಂಚ್ ಮುಂದೆ ನಿಂತು ಪ್ರಯೋಗ ಮಾಡಿದವರು ಮೊದಲ ಹೆಸರು, ಲ್ಯಾಬ್ ನಡೆಸುವವರು ಕೊನೆಯ ಹೆಸರು. ಗಣಿತದವರ ಅಕ್ಷರಾನುಕ್ರಮ ಇಲ್ಲಿ ನಡೆಯುವುದಿಲ್ಲ. ಹೆಸರಿನ ಮೇಲಿನ ನಕ್ಷತ್ರದ ಗುರುತು (*) ಕೆಲವೊಮ್ಮೆ ಸಮಪಾಲನ್ನು, ಕೆಲವೊಮ್ಮೆ ಪತ್ರವ್ಯವಹಾರದ ಹೊಣೆಯನ್ನು ಸೂಚಿಸುತ್ತದೆ, ಹಾಗಾಗಿ ಅಡಿಟಿಪ್ಪಣಿ ಬಿಡಬಾರದು. ಗೈಡ್ ಆಗುವವರು ಈಚಿನ ಐದು ವರ್ಷಗಳಲ್ಲಿ ಎಷ್ಟು ಕಡೆ ಕೊನೆಯ ಲೇಖಕರು, ಆ ಪ್ರಬಂಧಗಳಲ್ಲಿ ಮೊದಲ ಹೆಸರು ಅವರ ವಿದ್ಯಾರ್ಥಿಗಳದ್ದೇ ಹೌದೋ ಅಲ್ಲವೋ ಎಂಬುದನ್ನು ಬರೆದಿಟ್ಟುಕೊಳ್ಳಿ. ವಿದ್ಯಾರ್ಥಿಗೆ ಇದಕ್ಕಿಂತ ಮುಖ್ಯವಾದ ಲೆಕ್ಕ ಆ ಪುಟದಲ್ಲಿ ಇನ್ನೊಂದಿಲ್ಲ.

ನಡುವಿನ ಹೆಸರುಗಳನ್ನು ಹಗುರವಾಗಿ ಕಾಣುವವರಿದ್ದಾರೆ. ಅದು ತಪ್ಪು. ಅಪರೂಪದ ಕಾಯಿಲೆಗೆ ಹೊಸ ಜೀನ್ ಕಾರಣವೆಂದು ತೋರಿಸಲು ಒಂದೇ ಕುಟುಂಬ ಸಾಮಾನ್ಯವಾಗಿ ಸಾಲದು. ಸಂಬಂಧವಿಲ್ಲದ ಹಲವು ಕುಟುಂಬಗಳು ಬೇಕು. ಒಂದೇ ಜೀನಿನ ಬೆನ್ನು ಹತ್ತಿದವರನ್ನು ಜೋಡಿಸುವ ಜೀನ್‌ಮ್ಯಾಚರ್‌ನಂಥ ತಾಣದಲ್ಲಿ ಜೀನ್ ಹೆಸರು ದಾಖಲಿಸಿ, ಬೇರೆ ಬೇರೆ ದೇಶಗಳ ವೈದ್ಯರು ತಮ್ಮ ಒಂದೊಂದು ಕುಟುಂಬದ ವಿವರ ಕೂಡಿಸಿದಾಗಲೇ ಪ್ರಬಂಧವಾಗುತ್ತದೆ. ಅಲ್ಲಿ ನಡುವಿನ ಹೆಸರೆಂದರೆ ರೋಗಿಯನ್ನು ಪರೀಕ್ಷಿಸಿ, ತಂದೆತಾಯಿಯ ರಕ್ತದ ಮಾದರಿ ತೆಗೆದು, ಒಪ್ಪಿಗೆಪತ್ರ ಪಡೆದವರು.

ಸಾಮಾನ್ಯ ಕಾಯಿಲೆಗಳದ್ದು ಬೇರೆ ಲೆಕ್ಕ. ಜೀನೋಮಿನ, ಎಂದರೆ ಇಡೀ ತಳಿಮಾಹಿತಿಯ, ಉದ್ದಕ್ಕೂ ಸುಮಾರು 10 ಲಕ್ಷ ಸ್ವತಂತ್ರ ಪರೀಕ್ಷೆ ಮಾಡಿದಂತಾಗುವುದರಿಂದ 0.05 ಎಂಬ ವಾಡಿಕೆಯ ಗಡಿಯನ್ನು ಅಷ್ಟರಿಂದ ಭಾಗಿಸುತ್ತಾರೆ. ಪಿ-ಮೌಲ್ಯ (ನಿಜವಾದ ಸಂಬಂಧ ಇಲ್ಲದಿದ್ದರೂ ಇಂಥ ಫಲಿತಾಂಶ ಆಕಸ್ಮಿಕವಾಗಿ ಬರುವ ಸಂಭವ) 2 ಕೋಟಿಯಲ್ಲಿ 1ಕ್ಕಿಂತ ಕಡಿಮೆ ಇರಬೇಕು. ಸಣ್ಣ ಪರಿಣಾಮದ ಜೀನ್‌ಭೇದ ಆ ಗಡಿ ದಾಟಲು ಲಕ್ಷಗಟ್ಟಲೆ ಮಾದರಿ ಬೇಕು, ಒಂದು ಲ್ಯಾಬಿನಿಂದ ಆಗದ ಮಾತು. ಹೀಗಾಗಿ ಕನ್ಸಾರ್ಟಿಯಂಗಳು, ಎಂದರೆ ಹಲವು ಸಂಸ್ಥೆಗಳ ಕೂಟಗಳು. ಬೆಂಗಳೂರಿನ ಐಐಎಸ್‌ಸಿ ಆವರಣದ ಮಿದುಳು ಸಂಶೋಧನಾ ಕೇಂದ್ರ ಸಮನ್ವಯ ವಹಿಸಿದ ಜೀನೋಮ್ ಇಂಡಿಯಾದಲ್ಲಿ 20 ಸಂಸ್ಥೆಗಳು ಸೇರಿ 10,000 ಜೀನೋಮ್ ಓದಿದವು. ಹಣ್ಣಿನ ನೊಣದ ಒಂದು ವರ್ಣತಂತುವಿನ ಬಗ್ಗೆ 2015ರಲ್ಲಿ ಬಂದ ಪ್ರಬಂಧಕ್ಕೆ ಸಾವಿರಕ್ಕೂ ಹೆಚ್ಚು ಲೇಖಕರು, ಬಹುಪಾಲು ಪದವಿ ವಿದ್ಯಾರ್ಥಿಗಳು.

ಇಂಥ ಪ್ರಬಂಧಗಳು ಎಚ್-ಇಂಡೆಕ್ಸನ್ನು ಎತ್ತಿಬಿಡುತ್ತವೆ. ಭೌತವಿಜ್ಞಾನಿ ಹಿರ್ಶ್ 2005ರಲ್ಲಿ ಸೂಚಿಸಿದ ಈ ಅಳತೆ, ಎಷ್ಟು ಪ್ರಬಂಧಗಳಿಗೆ ತಲಾ ಕನಿಷ್ಠ ಅಷ್ಟೇ ಉಲ್ಲೇಖ ಸಿಕ್ಕಿದೆ ಎಂದು ಹೇಳುತ್ತದೆ. ಹಾಗಾಗಿ 50, 18, 7, 4, 3 ಉಲ್ಲೇಖ ಪಡೆದ ಐದು ಪ್ರಬಂಧಗಳಿಗೆ ಸಿಗುವುದು 4. ಲೇಖಕರು ಇಬ್ಬರೋ ಇನ್ನೂರೋ, ಅದಕ್ಕೆ ಗೊತ್ತಾಗುವುದಿಲ್ಲ. ಕನ್ಸಾರ್ಟಿಯಂ ಪ್ರಬಂಧಗಳನ್ನು ಬೇರೆ ಹಾಳೆಗೆ ಎತ್ತಿಡಿ. ಹೆಸರು ಬರವಣಿಗೆ ತಂಡದಲ್ಲಿದೆಯೋ, ಕೊನೆಯ ಸಹಯೋಗಿಗಳ ಪಟ್ಟಿಯಲ್ಲಿ ಮಾತ್ರವೋ ನೋಡಿ. 'ಲೇಖಕರ ಕೊಡುಗೆ' ಎಂಬ ಪ್ಯಾರಾ ಓದಿ. ಲೇಖಕರ ಪಾತ್ರಗಳನ್ನು ವಿಂಗಡಿಸುವ ಕ್ರೆಡಿಟ್ (CRediT) ಪದ್ಧತಿ ಪಾಲಿಸುವ ಪತ್ರಿಕೆಗಳಲ್ಲಿ 14 ಬಗೆಯ ಪಾತ್ರಗಳಲ್ಲಿ ಯಾರದು ಯಾವುದು ಎಂದು ಅಲ್ಲೇ ಇರುತ್ತದೆ.

ಇನ್ನು ದತ್ತಾಂಶ. ಡಿಎನ್ಎ ಅನುಕ್ರಮಗಳ ಸಾರ್ವಜನಿಕ ಭಂಡಾರವಾದ ಜೆನ್‌ಬ್ಯಾಂಕ್‌ನಲ್ಲೋ ಫರಿದಾಬಾದಿನ ಭಾರತೀಯ ಜೈವಿಕ ದತ್ತಾಂಶ ಕೇಂದ್ರದಲ್ಲೋ ಇಟ್ಟದ್ದರ ಸಂಖ್ಯೆ ಕೊಟ್ಟಿದ್ದರೆ ಅದನ್ನು ಹಾಕಿ ತೆರೆದು ನೋಡಿ. 'ಕೇಳಿದರೆ ಕೊಡುತ್ತೇವೆ' ಎಂಬ ಒಂದೇ ಸಾಲಿದ್ದರೆ, ಮಾನವ ಮಾದರಿಗಳ ಗೋಪ್ಯತೆಯಂಥ ಕಾರಣ ಬರೆದಿದ್ದಾರೆಯೇ ಎಂದು ಹುಡುಕಿ. ಪೂರಕ ಎಕ್ಸೆಲ್ ಕಡತಗಳಲ್ಲಿ 'ಸೆಪ್ಟ್2' ಎಂಬ ಜೀನ್ 'ಸೆಪ್ಟೆಂಬರ್ 2' ಆಗಿಬಿಡುತ್ತಿತ್ತು. ಜೀನ್‌ಪಟ್ಟಿಯ ಎಕ್ಸೆಲ್ ಲಗತ್ತಿಸಿದ ಪ್ರಬಂಧಗಳಲ್ಲಿ ಸುಮಾರು ಐದರಲ್ಲೊಂದಕ್ಕೆ ಈ ದೋಷವಿದೆ ಎಂದು 2016ರಲ್ಲಿ ಬಯಲಾಗಿ, ಆ ಜೀನಿಗೆ 'ಸೆಪ್ಟಿನ್2' ಎಂದು ಹೊಸ ಹೆಸರೇ ಇಡಬೇಕಾಯಿತು. ಜೀನ್ ಕಾಲಮ್ಮಿನಲ್ಲಿ ತಾರೀಖು ಕಂಡರೆ ಆ ಕಡತವನ್ನು ಕಳಿಸುವ ಮೊದಲು ಯಾರೂ ಗಮನವಿಟ್ಟು ನೋಡಿಲ್ಲ.