ಹಡಗು ಗುಜರಿ ಆಗುವುದು ಯಾವಾಗ?

ಹಾಸನದಲ್ಲಿ ಮೊನ್ನೆ ಹಳೇ ಕಬ್ಬಿಣ ಹಾಕಲು ಗುಜರಿ ಅಂಗಡಿಗೆ ಹೋಗಿದ್ದೆ. ಒಬ್ಬರು ಹಳೇ ಲಾರಿ ಮಾರುವ ಮಾತು ತೆಗೆದರು. ಅಂಗಡಿಯವರು ಒಪ್ಪಲಿಲ್ಲ. ‘ಮೊದಲು ಆರ್‌ಸಿ ಕ್ಯಾನ್ಸಲ್ ಆಗಲಿ ಅಣ್ಣ, ಅಲ್ಲಿವರೆಗೂ ಗಾಡಿ ಒಡೆಯಂಗಿಲ್ಲ’ ಎಂದರು. ಒಂದು ಲಾರಿಗೇ ಇಷ್ಟು ಲೆಕ್ಕ. ಸಾವಿರಾರು ಟನ್ ತೂಗುವ ಹಡಗಿಗೆ?

ನಮ್ಮ ಸಕಲೇಶಪುರದ ಕಾಫಿ ಶಿರಾಡಿ ಘಾಟಿ ಇಳಿದು ಮಂಗಳೂರಿನಲ್ಲಿ ಹಡಗು ಹತ್ತುತ್ತದೆ. ಹಡಗಿಗೂ 25-30 ವರ್ಷಕ್ಕೆ ವಯಸ್ಸಾಗುತ್ತದೆ. ಆಮೇಲೆ ಅದು ಹೋಗುವುದು ಹೆಚ್ಚಾಗಿ ಗುಜರಾತಿನ ಅಲಂಗ್, ಬಾಂಗ್ಲಾದೇಶದ ಚಿತ್ತಗಾಂಗ್ ಅಥವಾ ಪಾಕಿಸ್ತಾನದ ಗಡಾನಿಗೆ. ಅಲಂಗ್‌ನಲ್ಲಿ ಸಮುದ್ರ ಸುಮಾರು 10 ಮೀಟರ್ ಉಬ್ಬುತ್ತದೆ. ಆ ಹೊತ್ತಿಗೆ ಹಡಗನ್ನು ಜೋರಾಗಿ ಓಡಿಸಿ ದಡಕ್ಕೆ ಹತ್ತಿಸುತ್ತಾರೆ. ನೀರು ಇಳಿದ ಮೇಲೆ ಗ್ಯಾಸ್ ಕಟರ್ ಕೆಲಸ ಶುರು.

ಹಡಗಿನ ಬಹುಪಾಲು ಒಳ್ಳೇ ಉಕ್ಕು. ಕರಗಿಸಿ ಮತ್ತೆ ಬಳಸುವುದು ತುಂಬಾ ಒಳ್ಳೆಯದು. ಆದರೆ ಹಳೇ ಹಡಗಿನ ಪೈಪುಗಳ ಸುತ್ತ ಕಲ್ನಾರು (ಆಸ್ಬೆಸ್ಟಾಸ್) ಇರುತ್ತದೆ, ಬಣ್ಣದಲ್ಲಿ ಸೀಸ, ಟ್ಯಾಂಕಿನ ತಳದಲ್ಲಿ ಎಣ್ಣೆ. ಕಲ್ನಾರಿನ ಎಳೆ ಶ್ವಾಸಕೋಶಕ್ಕೆ ಹೊಕ್ಕರೆ ಕ್ಯಾನ್ಸರ್ ಕಾಣಿಸುವುದು 20-30 ವರ್ಷ ಕಳೆದ ಮೇಲೆ. ಅಷ್ಟರಲ್ಲಿ ಕೂಲಿಯವನು ಊರಿಗೆ ಮರಳಿರುತ್ತಾನೆ. ಯಾರನ್ನು ಕೇಳುವುದು? ಎಣ್ಣೆ ಮಾತ್ರ ಅಷ್ಟು ಕಾಯುವುದಿಲ್ಲ. 2016ರ ನವೆಂಬರ್ 1ರಂದು ಗಡಾನಿಯಲ್ಲಿ ಎಣ್ಣೆ ಟ್ಯಾಂಕರ್ ಸಿಡಿದು 20ಕ್ಕೂ ಹೆಚ್ಚು ಜನ ಸತ್ತರು.

ಕಾನೂನು ಇಲ್ಲವೇ? ಇದೆ. ವಿಷದ ಕಸವನ್ನು ದೇಶ ದಾಟಿಸುವುದಕ್ಕೆ 1989ರ ಬಾಸೆಲ್ ಒಪ್ಪಂದ ಕಡಿವಾಣ ಹಾಕುತ್ತದೆ. ಆದರೆ ಹಡಗು ಕಸ ಆಗುವುದು ಯಾವಾಗ? ಬಂದರು ಬಿಡುವಾಗ ‘ಬಾಡಿಗೆಗೆ ಹೊರಟಿದೆ’ ಎನ್ನುತ್ತಾರೆ. ನಡುಸಮುದ್ರದಲ್ಲಿ ಅದು ಗುಜರಿ ಆಗಿಬಿಡುತ್ತದೆ! 2018ರಲ್ಲಿ ನೆದರ್‌ಲೆಂಡ್ಸ್‌ನ ರಾಟರ್‌ಡ್ಯಾಮ್ ಕೋರ್ಟು ಈ ಆಟವನ್ನು ಹಿಡಿಯಿತು. ಹಡಗುಗಳು ಹೊರಡುವಾಗಲೇ ಒಡೆಸುವ ತೀರ್ಮಾನ ಆಗಿತ್ತು ಎಂದು ಹೇಳಿ, ಒಂದು ಹಡಗು ಕಂಪನಿಗೆ ದಂಡ ಹಾಕಿತು.

ಇನ್ನೊಂದು ಕಿಂಡಿ ಬಾವುಟ, ಅಂದರೆ ಹಡಗು ನೋಂದಣಿಯಾದ ದೇಶದ ಗುರುತು. ಯುರೋಪಿನ ಹಡಗು ಒಡೆಯುವ ಕಾಯ್ದೆ ಅಲ್ಲಿನ ಬಾವುಟದ ಹಡಗುಗಳಿಗೆ ಬಿಗಿ. ಹಾಗಾಗಿ ನಗದು ಕೊಟ್ಟು ಕೊಳ್ಳುವ ಮಧ್ಯವರ್ತಿ ಕೊನೆಯ ಪಯಣಕ್ಕೆ ಪಲಾವು, ಕೊಮೊರೋಸ್‌ನಂಥ ಪುಟ್ಟ ದೇಶಗಳ ಬಾವುಟ ಏರಿಸುತ್ತಾನೆ. ನಂಬರ್ ಪ್ಲೇಟ್ ಬದಲಾಯಿಸಿದ ಹಾಗೆ, ಅಲ್ವಾ?

ಆದರೆ ಹಡಗಿಗೆ ಚಾಸಿ ನಂಬರೂ ಇದೆ. ಏಳು ಅಂಕಿಯ ಐಎಂಒ (ಅಂತರರಾಷ್ಟ್ರೀಯ ಕಡಲ ಸಂಸ್ಥೆ) ನಂಬರ್. ಹೆಸರು, ಬಾವುಟ, ಮಾಲೀಕ ಬದಲಾದರೂ ಅದು ಬದಲಾಗದು. ಇದನ್ನೇ ಹಿಡಿದು ಬೆನ್ನು ಹತ್ತಬೇಕು ಎನ್ನುವುದು ನನ್ನ ಮಾತು.

ಹಡಗನ್ನು ಸುರಕ್ಷಿತವಾಗಿ ಒಡೆಯುವ ಬಗೆಗಿನ ಹಾಂಗ್‌ಕಾಂಗ್ ಒಪ್ಪಂದ 2025ರ ಜೂನ್ 26ರಿಂದ ಜಾರಿಗೆ ಬಂದಿದೆ. ಒಡೆಯಲು ಕಳಿಸುವ ಮೊದಲು ಹಡಗಿನಲ್ಲಿ ಯಾವ ವಿಷ ಎಲ್ಲಿದೆ ಎಂಬ ಪಟ್ಟಿ ಈಗ ಕಡ್ಡಾಯ. ಭಾರತವೂ 2019ರಲ್ಲೇ ಕಾಯ್ದೆ ಮಾಡಿದೆ. ಆದರೆ ಸುಮ್ನೆ ಪಟ್ಟಿ ಇದ್ದರೆ ಸಾಲದು. ಕಟರ್ ಹಚ್ಚುವ ಮೊದಲು ಯಾರಾದರೂ ಟ್ಯಾಂಕಿಗಿಳಿದು ನೋಡಬೇಕು.

ಯುರೋಪಿನಲ್ಲಿ ಒಂದು ಯೋಚನೆ ಚರ್ಚೆಯಾಗಿತ್ತು. ಅಲ್ಲಿನ ಬಂದರಿಗೆ ಬರುವ ಹಡಗುಗಳಿಂದೆಲ್ಲ ಹಣ ಕೂಡಿಡುವುದು, ಸರಿಯಾಗಿ ಒಡೆಸಿದರೆ ವಾಪಸ್ ಕೊಡುವುದು. ನಮ್ಮ ಗ್ಯಾಸ್ ಸಿಲಿಂಡರ್ ಡೆಪಾಸಿಟ್ ಇದ್ದಂತೆ. ಆ ದುಡ್ಡು ಮಾಲೀಕನ ಹೆಸರಿಗಲ್ಲ, ಐಎಂಒ ನಂಬರಿಗೇ ಅಂಟಿಕೊಂಡಿರಲಿ. ಬಾವುಟ ಬದಲಾಯಿಸಿ ಓಡಿಹೋದರೆ ಡೆಪಾಸಿಟ್ ಹೋಯಿತು.