ಹೊಗೆ ಬಂದಾಗ ಒದ್ದೆ ಕರ್ಚೀಫು ಕಟ್ಟಿಕೊಂಡರೆ ಸಾಕಾ?

ಪ್ರಶ್ನೆ: ನಮ್ಮ ಮನೆ ಬೆಂಗಳೂರಿನ ತುರಹಳ್ಳಿ ಕಾಡಿನ ಹತ್ತಿರ. ಬೇಸಿಗೆಯಲ್ಲಿ ಒಣಹುಲ್ಲಿಗೆ ಬೆಂಕಿ ಬಿದ್ದರೆ ಹೊಗೆ ಸೀದಾ ಮನೆಯೊಳಗೆ ಬರುತ್ತದೆ. ಅತ್ತೆಯವರಿಗೆ ಉಬ್ಬಸ ಇದೆ. ಮೂಗಿಗೆ ಒದ್ದೆ ಕರ್ಚೀಫು ಕಟ್ಟಿಕೊಂಡರೆ ಸಾಕಾ?

ಉತ್ತರ: ಸಾಲದು. ಕಣ್ಣಿಗೆ ಕಾಣುವ ಮಸಿ, ಬೂದಿಯನ್ನು ಒದ್ದೆ ಬಟ್ಟೆ ಒಂದಿಷ್ಟು ತಡೆಯುತ್ತದೆ. ಗಂಟಲಿಗೂ ತಂಪೆನಿಸುತ್ತದೆ. ನಾವು ಮೋಸ ಹೋಗುವುದೇ ಅಲ್ಲಿ. ಜಾಸ್ತಿ ಕೇಡು ಮಾಡುವುದು ಕಣ್ಣಿಗೆ ಕಾಣದ ಪಿಎಂ 2.5, ಅಂದರೆ 2.5 ಮೈಕ್ರಾನ್ ಅಥವಾ ಅದಕ್ಕಿಂತ ಸಣ್ಣ ಕಣಗಳು. ತಲೆಗೂದಲಿನ ದಪ್ಪವೇ ಸುಮಾರು 70 ಮೈಕ್ರಾನ್ ಇರುತ್ತದೆ. ಹಾಗಿರುವಾಗ ಬಟ್ಟೆಯ ಎಳೆಗಳ ನಡುವಿನ ಸಂದಿ ಈ ಕಣಗಳಿಗೆ ಹೆದ್ದಾರಿ ಇದ್ದಂತೆ. ಶ್ವಾಸಕೋಶದ ತಳದವರೆಗೂ ಇಳಿಯುತ್ತವೆ, ತೀರಾ ಸಣ್ಣವು ರಕ್ತಕ್ಕೂ ಸೇರುತ್ತವೆ. ಅದಕ್ಕೇ ಉಬ್ಬಸದವರಷ್ಟೇ ಅಲ್ಲ, ಹೃದಯದ ತೊಂದರೆ ಇರುವವರು, ಬಸುರಿಯರು, ಮಕ್ಕಳೂ ಹುಷಾರಾಗಿರಬೇಕು.

ಹೊರಗೆ ಹೋಗಲೇಬೇಕಾದರೆ ಎನ್95 ಅಥವಾ ಎಫ್‌ಎಫ್‌ಪಿ2 ಮಾಸ್ಕ್ ಹಾಕಿಕೊಳ್ಳಿ. ಮೂಗಿನ ಮೇಲಿನ ತಂತಿಯನ್ನು ಚೆನ್ನಾಗಿ ಒತ್ತಿ. ಜೋರಾಗಿ ಉಸಿರು ಬಿಟ್ಟಾಗ ಕನ್ನಡಕ ಮಂಜಾದರೆ ಗಾಳಿ ಸಂದಿಯಿಂದ ಓಡಾಡುತ್ತಿದೆ ಎಂದೇ ಅರ್ಥ. ಗಡ್ಡ ಇದ್ದರೂ ಹಾಗೇ ಆಗುತ್ತದೆ. ಕೋವಿಡ್ ಕಾಲದ ನೀಲಿ ಸರ್ಜಿಕಲ್ ಮಾಸ್ಕಿನ ಪಕ್ಕದಲ್ಲೆಲ್ಲ ಗಾಳಿ ನುಗ್ಗುತ್ತದೆ, ಅದನ್ನು ನಂಬಬೇಡಿ. ಎನ್95 ಕೂಡ ಕಣಗಳನ್ನು ಹಿಡಿಯುತ್ತದೆಯೇ ಹೊರತು ಕಾರ್ಬನ್ ಮೊನಾಕ್ಸೈಡಿನಂಥ ಅನಿಲವನ್ನಲ್ಲ. ಮಾಸ್ಕ್ ಇದೆ ಅಂತ ಬೆಂಕಿಯ ಹತ್ತಿರ ಹೋಗಲೇಬಾರದು. ಎರಡು ವರ್ಷದೊಳಗಿನ ಮಕ್ಕಳಿಗೆ ಮಾಸ್ಕ್ ಹಾಕಬಾರದು, ಅವರನ್ನು ಒಳಗೇ ಇಟ್ಟುಕೊಳ್ಳಿ.

ಆದರೆ ನಿಮ್ಮ ಅತ್ತೆಯವರಿಗೆ ಮಾಸ್ಕಿಗಿಂತ ಮುಖ್ಯವಾಗಿ ಬೇಕಿರುವುದು ಒಂದು ಹೊಗೆಯಿಲ್ಲದ ಕೋಣೆ. ಇಡೀ ಮನೆಯನ್ನು ಮುಚ್ಚುವುದು ಕಷ್ಟ, ಒಂದು ಕೋಣೆಯನ್ನು ಮುಚ್ಚಬಹುದು. ನಮ್ಮ ಹಳೇ ಮನೆಗಳಲ್ಲಿ ಕಿಟಕಿ ಹಾಕಿದರೂ ಮೇಲಿನ ವೆಂಟಿಲೇಟರ್ ತೆರೆದೇ ಇರುತ್ತದೆ. ಅದಕ್ಕೆ ರಟ್ಟು ಇಟ್ಟು ಟೇಪು ಹಚ್ಚಿ. ಸೊಳ್ಳೆ ಪರದೆ ಹೊಗೆಯನ್ನು ತಡೆಯುವುದಿಲ್ಲ. ಬಾಗಿಲ ಕೆಳಗಿನ ಸಂದಿಗೆ ಒದ್ದೆ ಟವೆಲ್ ಸುತ್ತಿಡಿ, ಒದ್ದೆ ಬಟ್ಟೆಗೆ ನಿಜವಾದ ಕೆಲಸ ಇರುವುದು ಅಲ್ಲೇ. ಹೆಪಾ ಫಿಲ್ಟರ್ (ತೀರಾ ಸಣ್ಣ ಕಣಗಳನ್ನೂ ಹಿಡಿಯುವ ಜಾಲರಿ) ಇರುವ ಏರ್ ಪ್ಯೂರಿಫೈಯರ್ ಇದ್ದರೆ ಆ ಕೋಣೆಯಲ್ಲೇ ಓಡಲಿ. ಸ್ಪ್ಲಿಟ್ ಎಸಿ ಒಳಗಿನ ಗಾಳಿಯನ್ನೇ ತಿರುಗಿಸುತ್ತದೆ, ತಂಪು ಮಾಡುತ್ತದೆ, ಅಷ್ಟೇ.

ಬಾಗಿಲು ಮುಚ್ಚಿದ ಮೇಲೆ ಒಳಗೆ ನಾವೇ ಹೊಗೆ ಎಬ್ಬಿಸಬಾರದು ಅಲ್ವಾ? ಊದುಬತ್ತಿ, ಧೂಪ, ಸೊಳ್ಳೆ ಬತ್ತಿ ಆ ದಿನ ಬೇಡ. ಬರೀ ಕೈಮುಗಿದರೂ ದೇವರು ಬೇಸರ ಮಾಡಿಕೊಳ್ಳುವುದಿಲ್ಲ. ಒಣಮೆಣಸಿನಕಾಯಿ ಒಗ್ಗರಣೆ, ಕರಿಯುವುದು ಕೂಡ ಬೇಡ, ಅನ್ನ ತಿಳಿಸಾರು ಸಾಕು. ಬೆಲ್ಲ ತಿಂದರೆ ಎದೆಯ ಹೊಗೆ ಇಳಿಯುತ್ತದೆ ಅನ್ನುತ್ತಾರೆ. ಬೆಲ್ಲ ಹೋಗುವುದು ಹೊಟ್ಟೆಗೆ, ಶ್ವಾಸಕೋಶಕ್ಕಲ್ಲ.

ಇನ್ನೊಂದು ವಿಷಯ. ಮೊಬೈಲಿನಲ್ಲಿ ಎಕ್ಯೂಐ, ಅಂದರೆ ಗಾಳಿಯ ಗುಣಮಟ್ಟದ ಸೂಚ್ಯಂಕ, ಚೆನ್ನಾಗಿದೆ ಅಂತ ಕಿಟಕಿ ತೆರೆಯಬೇಡಿ. ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ ಸೂಚ್ಯಂಕ ಕಣಗಳ ಮಟ್ಟಿಗೆ 24 ಗಂಟೆಯ ಸರಾಸರಿ. ಅರ್ಧ ಗಂಟೆ ಹಿಂದೆ ಎದ್ದ ಹೊಗೆ ಅದರಲ್ಲಿ ಪೂರ್ತಿ ಕಾಣುವುದಿಲ್ಲ. ಅಳೆಯುವ ಯಂತ್ರ ನಿಮ್ಮ ಮನೆಯಿಂದ ದೂರವೂ ಇರಬಹುದು. ದಿನಾ ಕಾಣುವ ನೀರಿನ ಟ್ಯಾಂಕು ಮಸುಕಾದರೆ, ಸುಟ್ಟ ವಾಸನೆ ಬಂದರೆ, ಅದನ್ನೇ ನಂಬಿ.

ಅತ್ತೆಯವರ ಇನ್‌ಹೇಲರ್ ಕೈಗೆ ಸಿಗುವ ಹಾಗೆ ಇರಲಿ. ಖಾಲಿಯಾಗಿದೆಯಾ ಅಂತ ಜನವರಿಯಲ್ಲೇ ನೋಡಿ, ಹೊಗೆಯ ದಿನ ಎಷ್ಟು ಸಲ ತೆಗೆದುಕೊಳ್ಳಬೇಕು ಅಂತಲೂ ಡಾಕ್ಟರನ್ನು ಮೊದಲೇ ಕೇಳಿಟ್ಟುಕೊಳ್ಳಿ. ಇನ್‌ಹೇಲರ್ ತೆಗೆದುಕೊಂಡರೂ ಏದುಸಿರು ನಿಲ್ಲದಿದ್ದರೆ, ಮಾತು ಪೂರ್ತಿ ಮಾಡಲಾಗದಿದ್ದರೆ, ಎದೆ ನೋವು ಬಂದರೆ ಅಥವಾ ತುಟಿ ನೀಲಿಯಾದರೆ ಕಾಯಬೇಡಿ, 108ಕ್ಕೆ ಕರೆ ಮಾಡಿ. ಹೊಗೆ ಇಳಿದ ಮೇಲೆ ಕಿಟಕಿಗಳನ್ನೆಲ್ಲ ತೆರೆದು ಒದ್ದೆ ಬಟ್ಟೆಯಿಂದ ನೆಲ ಒರೆಸಿ. ಪೊರಕೆ ಹಿಡಿದರೆ ಕೂತ ಬೂದಿ ಮತ್ತೆ ಏಳುತ್ತದೆ.